ಕೂಸು ಹುಟ್ಟುವ ಮುನ್ನ ಕುಲಾವಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮೂವತ್ತು ವರ್ಷಗಳಿಗೂ ಮಿಕ್ಕಿ ನಾವು ಮಕ್ಕಳಿಗೆ ಹೇಳುತ್ತ ಬಂದೆವು. ಹತ್ತು ಸಾಲು ಬರೆದವರಿಗೆ ಮೂರು ಅಂಕಗಳನ್ನು ಕೊಟ್ಟೆವು. ಎರಡು ಸಾಲು ಗೀಚಿ ಕೈತೊಳೆದುಕೊಂಡವರ ಕಿವಿ ಹಿಂಡಿದೆವು. ಆದರೆ ಆ ಗಾದೆಯ ವಿಸ್ತರಣೆ ನಮ್ಮ ಮನೆಯ ಜಗಲಿಯ ಮೇಲೆಯೇ ನಡೆದಾಗ ಅದರ ಮೊದಲ ಸಾಲೂ ನಮಗೆ ಅರ್ಥವಾಗಲಿಲ್ಲ. ಅದನ್ನು ಇಲ್ಲಿ ಬರೆಯುವುದಕ್ಕೆ ಎರಡು ಕಾರಣಗಳುಂಟು. ಇಂತಹ ಹೊಸ ವ್ಯಾಪಾರಗಳ ಆಸೆ ಈಗ ಅನೇಕ ಮನೆಗಳ ಹೊಸ್ತಿಲನ್ನು ದಾಟಿ ಬರುತ್ತಿರುವುದು ಒಂದು. ಮತ್ತೊಂದು, ಒಬ್ಬ ಹುಡುಗನಿಗೆ ನಾವು ಆಡಿದ ಮಾತೊಂದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಆಡಿದುದು ನಾಲ್ಕು ಜನರ ಮುಂದೆ. ಹಿಂದಕ್ಕೆ ತೆಗೆದುಕೊಳ್ಳುವುದೂ ನಾಲ್ಕು ಜನರ ಮುಂದೆಯೇ ಆಗಬೇಕಷ್ಟೆ.

ನಮ್ಮ ತಮ್ಮನು ಅಲ್ಪವಯಸ್ಸಿನಲ್ಲಿಯೇ ತೀರಿಕೊಂಡನು. ಅವನ ಮಗನು ನಮ್ಮ ಮನೆಯಲ್ಲಿಯೇ ಬೆಳೆದು, ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದನು. 2013ರ ಜೂನ್ ತಿಂಗಳಲ್ಲಿ, ಮುಂಗಾರು ಹಿಡಿದ ಮೊದಲ ವಾರ, ಊರಿಗೆ ಬಂದವನು ಊಟವಾದ ಮೇಲೆ ನಮ್ಮ ಬಳಿ ಕುಳಿತು, "ದೊಡ್ಡಪ್ಪ, ಒಂದು ಯಂತ್ರ ಕೊಳ್ಳಬೇಕೆಂದಿದ್ದೇನೆ. ಒಂದೂವರೆ ಲಕ್ಷ ಬೇಕು. ಅರ್ಧ ನನ್ನ ಹತ್ತಿರ ಇದೆ" ಎಂದನು. ಉಳಿದ ಎಪ್ಪತ್ತೈದು ಸಾವಿರ ನಮ್ಮಲ್ಲಿ ಇತ್ತು. ಮನೆಯ ಹಂಚು ಇಳಿಸಿ, ಮುರುಕಲಾದ ಪಕಾಸಿ ರೀಪುಗಳನ್ನು ಬದಲಾಯಿಸಿ, ಮತ್ತೆ ಹೊದಿಸುವುದಕ್ಕೆಂದು ಕೂಡಿಟ್ಟ ಹಣ ಅದು. ಆ ವರ್ಷ ಬಡಗಿಯು ಕೈಕೊಟ್ಟಿದ್ದರಿಂದ ಕೆಲಸ ಮುಂದಿನ ಬೇಸಗೆಗೆ ಹೋಗಿದ್ದಿತು. "ಅಕ್ಟೋಬರಿನಲ್ಲಿ ಯಂತ್ರ ಬರುತ್ತದೆ. ಬೇಸಗೆಯ ಹೊತ್ತಿಗೆ ನಿಮ್ಮ ಹಣ ನಿಮ್ಮ ಕೈಯಲ್ಲಿರುತ್ತದೆ" ಎಂದನು. ಲೆಕ್ಕ ಸರಿಯಾಗಿ ಕೂಡಿತು.

ಅದು ಎಂತಹ ಯಂತ್ರವೆಂದು ನಾವು ಕೇಳಿದೆವು. ಅವನು ಬಿಟ್‌ಕಾಯಿನ್ ಎಂಬ ನಾಣ್ಯದ ವಿಷಯವನ್ನು ತೆಗೆದನು. ಯಾವ ಟಂಕಸಾಲೆಯೂ ಅಚ್ಚುಹಾಕದ, ಯಾವ ರಾಜಮುದ್ರೆಯೂ ಇಲ್ಲದ ಈ ನಾಣ್ಯವು 2009ರ ಜನವರಿ 3ರಂದು ಹುಟ್ಟಿತು. ಅದು ಇರುವುದೆಲ್ಲ ಒಂದು ಖಾತೆಪುಸ್ತಕದಲ್ಲಿ. ಆ ಪುಸ್ತಕದ ಪ್ರತಿಗಳು ಲೋಕದಾದ್ಯಂತ ಸಾವಿರಾರು ಗಣಕಗಳಲ್ಲಿ ಇರುತ್ತವೆ. ಸುಮಾರು ಹತ್ತು ನಿಮಿಷಕ್ಕೊಂದರಂತೆ ಪುಸ್ತಕಕ್ಕೆ ಹೊಸ ಹಾಳೆ ಸೇರಬೇಕು. ಯಾರು ಸೇರಿಸಬೇಕೆಂಬುದನ್ನು ಒಂದು ಆಟದಿಂದ ಗೊತ್ತುಮಾಡುತ್ತಾರೆ. ಗೆದ್ದವರಿಗೆ ಹೊಸ ನಾಣ್ಯಗಳು ಬಹುಮಾನ. ಮೊದಲು ಹಾಳೆಯೊಂದಕ್ಕೆ 50 ನಾಣ್ಯಗಳಿದ್ದುದು 2012ರ ನವೆಂಬರ್ 28ರಂದು 25ಕ್ಕೆ ಇಳಿದಿತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಹೀಗೆ ಅರ್ಧವಾಗುತ್ತ ಹೋಗಬೇಕೆಂಬುದು ಅದರ ಕಟ್ಟಳೆ.

ಆಟದ ಬಗೆಯನ್ನು ಅವನು ನಮ್ಮ ಮನೆಯವರಿಗೆ ಕವಡೆಗಳ ಮೂಲಕ ತಿಳಿಸಿದನು. "ದೊಡ್ಡಮ್ಮ, ಆರು ಕವಡೆ ಎಸೆಯಬೇಕು, ಆರೂ ಅಂಗಾತ ಬೀಳಬೇಕು. ಬೀಳುವವರೆಗೂ ಎಸೆಯುತ್ತಲೇ ಇರಬೇಕು. ಜಾಣತನಕ್ಕೆ ಅಲ್ಲಿ ಬೆಲೆಯಿಲ್ಲ, ಎಷ್ಟು ಬೇಗಬೇಗ ಎಸೆಯುತ್ತೀರಿ ಎಂಬುದೊಂದೇ ಲೆಕ್ಕ. ಆಡುವವರು ಹೆಚ್ಚಾಗಿ ಬೇಗಬೇಗ ಗೆಲ್ಲತೊಡಗಿದರೆ ಕವಡೆಗಳನ್ನು ಏಳು ಮಾಡುತ್ತಾರೆ, ಎಂಟು ಮಾಡುತ್ತಾರೆ." ಕವಡೆಯ ಬದಲು ಅಲ್ಲಿರುವುದು ಎಸ್‌ಎಚ್‌ಎ-256 ಎಂಬ ಒಂದು ಲೆಕ್ಕ. ಬೀಸುವ ಕಲ್ಲಿಗೆ ಹಾಕಿದ ರಾಗಿ ಹಿಟ್ಟಾದ ಮೇಲೆ ಮತ್ತೆ ಕಾಳಾಗದಂತೆ, ಈ ಲೆಕ್ಕದಿಂದ ಹೊರಬಿದ್ದ ಸಂಖ್ಯೆಯಿಂದ ಒಳಗೆ ಹೋದುದನ್ನು ಹಿಂದಕ್ಕೆ ತಿಳಿಯಲಾಗದು. ಆದುದರಿಂದ ಊಹಿಸಿ ಊಹಿಸಿ ಬೀಸುತ್ತಿರುವುದೊಂದೇ ದಾರಿ. 2016 ಹಾಳೆಗಳಿಗೆ ಒಮ್ಮೆ, ಎಂದರೆ ಸುಮಾರು ಎರಡು ವಾರಕ್ಕೊಮ್ಮೆ, ಆಟದ ಕಾಠಿಣ್ಯವನ್ನು ತಾನೇತಾನಾಗಿ ತಿದ್ದಿಕೊಳ್ಳುವಂತೆ ಏರ್ಪಾಡು. ಪಂಚಾಂಗದ ಭಾಷೆಯಲ್ಲಿ ಹೇಳುವುದಾದರೆ ಪಕ್ಷಕ್ಕೊಮ್ಮೆ ಕವಡೆಗಳ ಎಣಿಕೆ ಬದಲಾಗುತ್ತದೆ.

ಮೊದಮೊದಲು ಜನರು ಮನೆಯ ಗಣಕಗಳಿಂದಲೇ ಆಡುತ್ತಿದ್ದರು. 2010ರ ಹೊತ್ತಿಗೆ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳು ಈ ಕೆಲಸವನ್ನು ಎಷ್ಟೋ ಪಾಲು ಬೇಗ ಮಾಡುತ್ತವೆಂದು ಕಂಡುಕೊಂಡರು. ಅನಂತರ, ಈ ಒಂದು ಲೆಕ್ಕವನ್ನು ಬಿಟ್ಟು ಬೇರೇನನ್ನೂ ಅರಿಯದ ಚಿಪ್‌ಗಳನ್ನೇ ಮಾಡಿಸಿದರೆ ಹೇಗೆ ಎಂಬ ಆಲೋಚನೆ ಹುಟ್ಟಿತು. ಅವುಗಳಿಗೆ ಏಸಿಕ್ ಎಂದು ಹೆಸರು. ನಾವಾದರೆ ಏಕಕಾರ್ಯನಿಷ್ಠ ಎಂದು ಕರೆಯುತ್ತಿದ್ದೆವು. ಅಂತಹ ಚಿಪ್‌ಗಳುಳ್ಳ ಯಂತ್ರವೊಂದನ್ನು ಪರದೇಶದ ಕಂಪನಿಯೊಂದು ಮಾಡುತ್ತಿದೆಯೆಂದೂ, ಪೂರ್ತಿ ಹಣವನ್ನು ಮುಂಗಡವಾಗಿ ಕೊಟ್ಟವರಿಗೆ ಸರದಿಯಂತೆ ಕಳುಹಿಸುವುದೆಂದೂ ಹುಡುಗನು ಹೇಳಿದನು.

"ಮಾಡುತ್ತಿದೆ" ಎಂಬ ಕ್ರಿಯಾಪದವನ್ನು ನಾವು ಅಂದು ಗಮನಿಸಲಿಲ್ಲ. ಮೂವತ್ತು ವರ್ಷ ವ್ಯಾಕರಣ ಹೇಳಿದವರು ವರ್ತಮಾನಕಾಲವನ್ನೂ ಭೂತಕಾಲವನ್ನೂ ಬೇರ್ಪಡಿಸದೆ ಹೋದೆವು. ಹಣ ಕೊಟ್ಟೆವು.

ಅಕ್ಟೋಬರ್ ಬಂದಿತು, ಯಂತ್ರ ಬರಲಿಲ್ಲ. ದೀಪಾವಳಿಗೆ ಹುಡುಗನು ಬಂದಾಗ ಕೇಳಿದೆವು. "ಇನ್ನು ಎರಡು ವಾರ, ದೊಡ್ಡಪ್ಪ" ಎಂದನು. ನವೆಂಬರಿನ ಕೊನೆಗೆ ಆ ನಾಣ್ಯದ ಬೆಲೆ ಒಂದು ಸಾವಿರ ಡಾಲರನ್ನು ದಾಟಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ನಮಗೂ ಒಳಗೊಳಗೇ ಸಂತೋಷವಾಯಿತೆಂಬುದನ್ನು ಮರೆಮಾಚುವುದಿಲ್ಲ. ಡಿಸೆಂಬರ್ 24ರಂದು ರಿಸರ್ವ್ ಬ್ಯಾಂಕು ಇಂತಹ ನಾಣ್ಯಗಳ ಅಪಾಯವನ್ನು ಕುರಿತು ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಆ ಸಂತೋಷ ಹೆದರಿಕೆಯಾಯಿತು. ಫೋನು ಮಾಡಿದೆವು. "ಇನ್ನು ಎರಡು ವಾರ" ಎಂಬುದೇ ಉತ್ತರ. ಸಂಕ್ರಾಂತಿ, ಶಿವರಾತ್ರಿ, ಯುಗಾದಿ, ಎಲ್ಲವೂ ಕಳೆದವು. ಬಡಗಿಯು ಎರಡು ಸಲ ಬಂದು ಕೇಳಿ ಹೋದನು. "ಮುಂದಿನ ತಿಂಗಳು ನೋಡೋಣ" ಎಂದು ನಾವು ಅವನನ್ನೂ ಮನೆಯವರನ್ನೂ ಸಮಾಧಾನಪಡಿಸಿದೆವು.

ಯಂತ್ರವು 2014ರ ಏಪ್ರಿಲ್‌ನಲ್ಲಿ ಬಂದಿತು. ಮೇ ತಿಂಗಳಲ್ಲಿ ನಾವು ಬೆಂಗಳೂರಿಗೆ ಹೋದಾಗ ಅದನ್ನು ಕಂಡೆವು. ಪಂಚಪಾತ್ರೆಗಳನ್ನಿಡುವ ಪೆಟ್ಟಿಗೆಯಷ್ಟು ದೊಡ್ಡದು, ಗಿರಣಿಯಂತೆ ಸದ್ದು, ಬೇಸಗೆಯ ಕೋಣೆಯಲ್ಲಿ ಮತ್ತೊಂದು ಬೇಸಗೆ. ಬಂದ ಮೊದಲ ವಾರ ದಿನವೊಂದಕ್ಕೆ ನೂರು ರೂಪಾಯಿಗೆ ಸ್ವಲ್ಪ ಮೇಲೆ ಸಂಪಾದಿಸುತ್ತಿತ್ತಂತೆ, ಏಳು ಯೂನಿಟ್ ವಿದ್ಯುತ್ತನ್ನು ತಿನ್ನುತ್ತಿತ್ತಂತೆ. ನಾವು ಹೋಗುವ ವೇಳೆಗೆ ಸಂಪಾದನೆ ಇನ್ನೂ ಕುಗ್ಗಿತ್ತು. "ಇದು ಒಂದೂವರೆ ಲಕ್ಷ ತರುವುದು ಯಾವಾಗ?" ಎಂದೆವು. ಹುಡುಗನು ತಲೆ ತಗ್ಗಿಸಿದನು.

ಆ ಮಳೆಗಾಲದಲ್ಲಿ ನಡುಮನೆಯ ಮೂಲೆ ಸೋರಿತು. ಅಟ್ಟದ ಮೇಲೆ ನಮ್ಮ ತೀರ್ಥರೂಪರು ಕೈಯಾರೆ ಬರೆದುಕೊಂಡಿದ್ದ ಪ್ರಯೋಗದ ಪುಸ್ತಕಗಳಿದ್ದುವು. ಎರಡು ಪುಸ್ತಕಗಳಲ್ಲಿ ಮಸಿ ಹರಿದು ಅಕ್ಷರಗಳು ಒಂದರೊಳಗೊಂದು ಸೇರಿಹೋದುವು. ಆಷಾಢದಲ್ಲಿ ತಮ್ಮನ ವೈದಿಕ. ನಂಟರಿಷ್ಟರು ಸೇರಿದ್ದರು. ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ಯಾರೋ ಸೋರಿಕೆಯ ಮಾತನ್ನು ಎತ್ತಿದರು. ನಮಗೆ ತಾಳ್ಮೆ ತಪ್ಪಿತು. ಹುಡುಗನ ಕಡೆ ತಿರುಗಿ, "ನಮ್ಮ ವಂಶದಲ್ಲಿ ಜೂಜುಕೋರರು ಇರಲಿಲ್ಲ, ನೀನೊಬ್ಬ ಹುಟ್ಟಿದೆ" ಎಂದುಬಿಟ್ಟೆವು. ಅಪ್ಪನಿಗೆ ಪಿಂಡವಿಟ್ಟು ಎದ್ದ ಮಗನಿಗೆ ಆ ಮಾತು. ಅವನು ಉತ್ತರ ಕೊಡಲಿಲ್ಲ. ಸಂಜೆಯ ಬಸ್ಸಿಗೆ ಹೊರಟುಹೋದನು.

ಮುಂದಿನ ತಿಂಗಳಿನಿಂದ ನಮ್ಮ ಬ್ಯಾಂಕಿನ ಲೆಕ್ಕಕ್ಕೆ ಮೂರು ಸಾವಿರ ರೂಪಾಯಿ ಬರತೊಡಗಿತು. ಇಪ್ಪತ್ತೈದು ತಿಂಗಳು ಒಂದೂ ತಪ್ಪದೆ ಬಂದು ನಿಂತಿತು. ಹಂಚು ಹೊದಿಸಿದ್ದಾಯಿತು. ಅವನು ಬರಲಿಲ್ಲ. ನಮ್ಮ ಮನೆಯವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಹಬ್ಬದ ದಿನ ಅವನಿಗೆ ಪ್ರಿಯವಾದ ಕಾಯಿಹೋಳಿಗೆಯನ್ನು ಮಾಡುವುದನ್ನು ಮಾತ್ರ ನಿಲ್ಲಿಸಿದರು.

2017ರ ದಸರಾ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಬಂದಳು. ನಮ್ಮ ಬಳಿ ಸಂಸ್ಕೃತ ಕಲಿತವಳು. ಈಗ ಬೆಂಗಳೂರಿನಲ್ಲಿ ಚಿಪ್‌ಗಳ ನಕ್ಷೆಯನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. "ತಪ್ಪು ಹುಡುಕುವುದೇ ನನ್ನ ಕೆಲಸ, ಮೇಷ್ಟ್ರೆ. ನೀವು ಉತ್ತರಪತ್ರಿಕೆ ತಿದ್ದಿದ ಹಾಗೆ. ಆದರೆ ನೀವು ಬರೆದಾದ ಮೇಲೆ ತಿದ್ದುತ್ತಿದ್ದಿರಿ, ನಾವು ಬರೆಯುವುದಕ್ಕೆ ಮುಂಚೆಯೇ ತಿದ್ದಿ ಮುಗಿಸಬೇಕು" ಎಂದು ನಕ್ಕಳು. ಅದು ಏಕೆಂದು ಕೇಳಿದೆವು. ಹುಡುಗನ ಕಥೆಯನ್ನು ನಾವು ಅವಳಿಗೆ ಹೇಳಿರಲಿಲ್ಲ. ಚಿಪ್ ಎಂಬ ಶಬ್ದ ಕಿವಿಗೆ ಬಿದ್ದುದರಿಂದ ಕೇಳಿದೆವು, ಅಷ್ಟೆ.

ಅವಳು ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಗೆರೆ ಎಳೆದು ತಿಳಿಸಿದಳು. ಚಿಪ್ ಏನು ಮಾಡಬೇಕೆಂಬುದನ್ನು ಮೊದಲು ಒಂದು ಬಗೆಯ ಗಣಕಭಾಷೆಯಲ್ಲಿ ಬರೆಯುತ್ತಾರೆ. ಅದನ್ನು ಲಕ್ಷಾಂತರ ಸಣ್ಣ ಸ್ವಿಚ್ಚುಗಳಾಗಿಯೂ ತಂತಿಗಳಾಗಿಯೂ ಬಿಡಿಸಿ, ಒಂದೊಂದಕ್ಕೂ ಜಾಗ ಗೊತ್ತುಮಾಡುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಎಪ್ಪತ್ತು ಎಂಬತ್ತು ಸಾವಿರ ನ್ಯಾನೋಮೀಟರ್. ಆ ಕಾಲದ ಹೊಸ ಚಿಪ್‌ಗಳನ್ನು ಹೆಸರಿಸುತ್ತಿದ್ದ ಅಳತೆ 28 ನ್ಯಾನೋಮೀಟರ್. ನಕ್ಷೆಯನ್ನು ಕಾರ್ಖಾನೆಗೆ ಒಪ್ಪಿಸುವ ದಿನಕ್ಕೆ ಟೇಪ್ ಔಟ್ ಎಂದು ಹೆಸರು. ಅಂದಿನಿಂದ ಮುಂದೆ ತಿದ್ದಲು ಆಗದು. ನಕ್ಷೆಯಿಂದ ಮಾಸ್ಕ್ ಎಂಬ ಗಾಜಿನ ಅಚ್ಚುಗಳನ್ನು ಮಾಡುತ್ತಾರೆ. ಹೊಸ ಬಗೆಯ ಚಿಪ್ ಆದರೆ ಅಚ್ಚುಗಳಿಗೇ ಕೋಟಿಗಟ್ಟಲೆ ರೂಪಾಯಿ. ಅವುಗಳ ಮೂಲಕ ಬೆಳಕನ್ನು ಹಾಯಿಸಿ, ಸಿಲಿಕಾನ್ ಬಿಲ್ಲೆಯ ಮೇಲೆ ಒಂದು ಪದರದ ಮೇಲೊಂದು ಪದರವಾಗಿ ಹತ್ತಾರು ಪದರಗಳನ್ನು ಕೂರಿಸುತ್ತಾರೆ. ಯಾವ ವಿಘ್ನವೂ ಇಲ್ಲದಿದ್ದರೂ ಇದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಅಂತಹ ಕಾರ್ಖಾನೆಗಳು ಲೋಕದಲ್ಲಿ ಕೆಲವೇ ಕೆಲವು. ಆ ಬಾಗಿಲುಗಳಲ್ಲಿ ಫೋನು ಗಣಕಗಳನ್ನು ಮಾಡುವ ದೊಡ್ಡ ಗಿರಾಕಿಗಳ ಹಿಂದೆ ಸಣ್ಣವರು ಕಾಯಬೇಕು. ಬಿಲ್ಲೆ ಬಂದ ಮೇಲೆ ಕತ್ತರಿಸಿ, ಕವಚದಲ್ಲಿ ಕೂರಿಸಿ, ವಿದ್ಯುತ್ತನ್ನು ಹಾಯಿಸುತ್ತಾರೆ. ಅದು ಬದುಕಿದೆಯೇ ಇಲ್ಲವೇ ಎಂಬುದು ತಿಳಿಯುವುದು ಆಗಲೇ.

"ತಪ್ಪಿದ್ದರೆ?" ಎಂದೆವು.

"ಹೊಸ ಅಚ್ಚು, ಮತ್ತೆ ಮೂರು ತಿಂಗಳು."

ಆಗ ನಾವು ಬಿಟ್‌ಕಾಯಿನ್ ಯಂತ್ರದ ಮಾತನ್ನು ಎತ್ತಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಆ ಚಿಪ್ ನೋಡುವುದಕ್ಕೆ ಬಹಳ ಸುಲಭ, ಮೇಷ್ಟ್ರೆ. ಒಂದೇ ಲೆಕ್ಕದ ನೂರಾರು ಪ್ರತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಆಯಿತು. ಅದಕ್ಕೇ ಎಷ್ಟೋ ಹೊಸಬರು ಧೈರ್ಯ ಮಾಡಿದರು. ಕಷ್ಟ ಇರುವುದು ಲೆಕ್ಕದಲ್ಲಲ್ಲ, ಬಿಸಿಯಲ್ಲಿ." ಫೋನಿನ ಚಿಪ್‌ನಲ್ಲಿ ಯಾವ ಕ್ಷಣದಲ್ಲಿ ನೋಡಿದರೂ ಬಹುಭಾಗ ನಿದ್ರಿಸುತ್ತಿರುತ್ತದೆಯಂತೆ, ಸೆಖೆ ಎಷ್ಟೆಂದು ಎಣಿಸುವ ರೂಢಿಯ ಲೆಕ್ಕಗಳು ಆ ನಿದ್ರೆಯನ್ನು ನಂಬಿಕೊಂಡಿವೆ. ಕವಡೆಯಾಡುವ ಚಿಪ್‌ನಲ್ಲಿ ನಿದ್ರೆಯೇ ಇಲ್ಲ. ಪ್ರತಿಯೊಂದು ಭಾಗವೂ ಪ್ರತಿಯೊಂದು ಮಿಡಿತಕ್ಕೂ ದುಡಿಯುತ್ತದೆ. ಒಳಗೆ ಕಾಫಿ ತರುತ್ತಿದ್ದ ನಮ್ಮ ಮನೆಯವರಿಗೆ ಇದು ನಮಗಿಂತ ಮೊದಲು ಹೊಳೆಯಿತು. "ಹತ್ತು ಒಲೆಗಳಲ್ಲಿ ಎರಡು ಉರಿಯುತ್ತವೆಂದು ಹೊಗೆಗೂಡು ಕಟ್ಟಿ, ಮದುವೆಯ ದಿನ ಹತ್ತನ್ನೂ ಹೊತ್ತಿಸಿದ ಹಾಗೆ" ಎಂದರು. ಅದೇ ಸರಿಯೆಂದಳು ಹುಡುಗಿ. ಎಣಿಸಿದುದಕ್ಕಿಂತ ಹೆಚ್ಚು ವಿದ್ಯುತ್ತನ್ನು ಚಿಪ್ ಎಳೆಯತೊಡಗಿದರೆ, ಅದಕ್ಕೆ ವಿದ್ಯುತ್ ಒದಗಿಸುವ ಹಲಗೆಯ ಭಾಗಗಳು ಸಾಲವು, ಕವಚ ಸಾಲದು, ತಣಿಸುವ ಫ್ಯಾನು ಸಾಲದು. ಎಲ್ಲವನ್ನೂ ಬದಲಾಯಿಸಬೇಕು, ಇಲ್ಲವೇ ಚಿಪ್‌ನ ಓಟವನ್ನು ತಗ್ಗಿಸಬೇಕು. ಬದಲಾಯಿಸಿದರೆ ದಿನ ತಪ್ಪುತ್ತದೆ; ತಗ್ಗಿಸಿದರೆ ಕೊಟ್ಟ ಮಾತು ತಪ್ಪುತ್ತದೆ.

ಅವಳು ಹೋದ ಮೇಲೆ ನಮಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ನೆನಪಾಯಿತು. ಹನ್ನೆರಡನೆಯ ಶತಮಾನದ ಆ ಸಂಸ್ಕೃತ ಗ್ರಂಥದಲ್ಲಿ ಲೋಹದ ವಿಗ್ರಹವನ್ನು ಎರಕಹೊಯ್ಯುವ ಕ್ರಮವಿದೆ. ಮೇಣದಲ್ಲಿ ಮೂರ್ತಿಯನ್ನು ಮಾಡಿ, ಅದಕ್ಕೆ ಮಣ್ಣಿನ ಲೇಪಗಳನ್ನು ಒಂದಾದ ಮೇಲೊಂದು ಕೊಟ್ಟು ಒಣಗಿಸಿ, ಕಾಯಿಸಿ ಮೇಣವನ್ನು ಹರಿಯಬಿಟ್ಟು, ಟೊಳ್ಳಿಗೆ ಕರಗಿದ ಲೋಹವನ್ನು ಸುರಿಯಬೇಕು. ಮೇಣವನ್ನು ಮೊದಲೇ ತೂಗಿ ಲೋಹ ಎಷ್ಟು ಬೇಕೆಂದು ಗೊತ್ತುಮಾಡಬೇಕು. ಮೇಣವಿರುವವರೆಗೆ ಮೂಗು ತಿದ್ದಬಹುದು, ಬೆರಳು ತಿದ್ದಬಹುದು. ಮೇಣ ಹರಿದುಹೋದ ಮೇಲೆ ಶಿಲ್ಪಿಯ ಕೈಯಲ್ಲಿ ಏನೂ ಇಲ್ಲ. ಮಣ್ಣು ಒಡೆದಾಗ ಏನು ಕಂಡರೆ ಅದೇ. ಈ ಪಾಠವನ್ನು ಎಷ್ಟೋ ಸಲ ಹೇಳಿದ್ದೆವು. ಚಿಪ್ ಮಾಡುವ ಕಾರ್ಖಾನೆಗೂ ಇಂಗ್ಲಿಷಿನಲ್ಲಿ ಎರಕಶಾಲೆಯ ಹೆಸರಾದ ಫೌಂಡ್ರಿ ಎಂಬುದೇ ರೂಢಿಯೆಂದು ಅಂದು ತಿಳಿಯಿತು. ಎರಕ ಒಡೆಯುವ ಮುಂಚೆ ಪ್ರತಿಷ್ಠೆಯ ಲಗ್ನಪತ್ರಿಕೆಯನ್ನು ಹಂಚಿದವರಿಗೆ ನಾವು ಹಣ ಕೊಟ್ಟಿದ್ದೆವು.

ಅನಂತರ ಆ ಕಾಲದ ಚರಿತ್ರೆಯನ್ನು ಓದಿ ತಿಳಿದುಕೊಂಡೆವು. ನಮ್ಮ ಹುಡುಗನು ವ್ಯವಹರಿಸಿದ ಕಂಪನಿ ಮುಂದೆ ಹೇಳುವವುಗಳಲ್ಲಿ ಯಾವುದೂ ಅಲ್ಲ. ಈ ಬಗೆಯ ಯಂತ್ರವನ್ನು ಮೊದಲು ಗಿರಾಕಿಯ ಕೈಗೆ ಮುಟ್ಟಿಸಿದುದು ಚೀನದ ಅವಲಾನ್, 2013ರ ಜನವರಿಯ ಕೊನೆಗೆ. ಅದರ ಚಿಪ್ 110 ನ್ಯಾನೋಮೀಟರಿನದು; ಆಗಿನ ಕಾಲಕ್ಕೂ ಹಳೆಯ ವಿಧಾನ. ಹಳೆಯದಾದ ಕಾರಣ ಚೆನ್ನಾಗಿ ಪಳಗಿತ್ತು, ಅಗ್ಗವೂ ಆಗಿತ್ತು. ಅಮೆರಿಕದ ಕ್ಯಾನ್ಸಸ್ ಪ್ರಾಂತದ ಬಟರ್‌ಫ್ಲೈ ಲ್ಯಾಬ್ಸ್ ಎಂಬುದು 65 ನ್ಯಾನೋಮೀಟರಿನ ಚಿಪ್‌ಗೆಂದು 2012ರ ಮಧ್ಯದಿಂದಲೇ ಮುಂಗಡ ಪಡೆಯತೊಡಗಿತ್ತು. ಆ ವರ್ಷದೊಳಗೇ ಎಂದು ಹೇಳಿದ್ದ ಯಂತ್ರಗಳು ಜನರ ಕೈಸೇರತೊಡಗಿದುದು 2013ರಲ್ಲಿ. ಅವು ತಿನ್ನುತ್ತಿದ್ದ ವಿದ್ಯುತ್ತು ಮೊದಲು ಸಾರಿದ್ದುದರ ಹಲವು ಪಾಲು. 2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಮೊಕದ್ದಮೆ ಹೂಡಿ ಬಾಗಿಲು ಮುಚ್ಚಿಸಿತು, 2016ರಲ್ಲಿ ರಾಜಿಯಾಯಿತು. ಟೆಕ್ಸಸ್ ಪ್ರಾಂತದ ಕಾಯಿನ್‌ಟೆರಾ ಸೆಕೆಂಡಿಗೆ 2 ಲಕ್ಷ ಕೋಟಿ ಸಲ ಕವಡೆಯೆಸೆಯುವ ಯಂತ್ರವನ್ನು ಕೊಡುವುದಾಗಿ ಹೇಳಿತ್ತು. 2014ರ ಜನವರಿಯಲ್ಲಿ ಹೊರಬಂದುದು 1.7 ಲಕ್ಷ ಕೋಟಿಯ ಆಸುಪಾಸಿನದು, ಹೆಚ್ಚು ವಿದ್ಯುತ್ತನ್ನು ಬೇಡುವಂಥದು. ಒಂದು ವರ್ಷದೊಳಗೆ ಕಂಪನಿ ದಿವಾಳಿಯ ಅರ್ಜಿ ಹಾಕಿತು. ಸ್ವೀಡನ್ನಿನ ಕೆಎನ್‌ಸಿಮೈನರ್ ತನ್ನ 28 ನ್ಯಾನೋಮೀಟರಿನ ಯಂತ್ರಗಳನ್ನು 2013ರ ಅಕ್ಟೋಬರಿನಲ್ಲಿ ಹೇಳಿದ ವೇಳೆಗೇ ಕೊಟ್ಟಿತು. ಅದೂ 2016ರ ಮೇ ತಿಂಗಳಲ್ಲಿ ದಿವಾಳಿಗೆ ಬಂದಿತು. ಚಿಪ್‌ಲೋಕದ ಹಿರಿಯನಾದ ಇಂಟೆಲ್ ಕೂಡ 2022ರಲ್ಲಿ ಈ ಕೆಲಸಕ್ಕೆ ಕೈಹಾಕಿ, 2023ರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಆದುದರಿಂದ ತಡವಾದವರೆಲ್ಲ ಕಳ್ಳರೂ ಅಲ್ಲ, ವೇಳೆಗೆ ಕೊಟ್ಟವರೆಲ್ಲ ಉಳಿದವರೂ ಅಲ್ಲ.

ಬೇರೆ ವಸ್ತುವಾಗಿದ್ದರೆ ಆರು ತಿಂಗಳ ತಡವನ್ನು ಸಹಿಸಬಹುದಿತ್ತು. ಹಸು ಆರು ತಿಂಗಳು ತಡವಾಗಿ ಮನೆಗೆ ಬಂದರೂ ಹಾಲು ಕೊಡುತ್ತದೆ. ಈ ಯಂತ್ರದ ವಿಷಯ ಹಾಗಲ್ಲ. ಆಟದ ಕಾಠಿಣ್ಯವನ್ನು ಅಳೆಯುವ ಸಂಖ್ಯೆಯೊಂದಿದೆ. 2009ರಲ್ಲಿ ಅದು 1 ಎಂದು ಮೊದಲಾಯಿತು. ನಾವು ಹಣ ಕೊಟ್ಟ 2013ರ ಜೂನಿನಲ್ಲಿ ಅದು ಸುಮಾರು 2 ಕೋಟಿ. ಯಂತ್ರ ಬರಬೇಕಾಗಿದ್ದ ಅಕ್ಟೋಬರಿನ ಮೊದಲಲ್ಲಿ ಸುಮಾರು 15 ಕೋಟಿ. ಅದು ನಿಜವಾಗಿ ಬಂದ ಏಪ್ರಿಲ್‌ನಲ್ಲಿ 600 ಕೋಟಿ. ಎಂದರೆ, ಅಕ್ಟೋಬರಿನಲ್ಲಿ ಒಂದು ದಿನದಲ್ಲಿ ಸಿಗುತ್ತಿದ್ದ ನಾಣ್ಯವನ್ನು ಸಂಪಾದಿಸಲು ಏಪ್ರಿಲ್‌ನಲ್ಲಿ ನಲವತ್ತು ದಿನ ಬೇಕು. ಯಂತ್ರ ಕೆಟ್ಟಿರಲಿಲ್ಲ, ಹೇಳಿದಷ್ಟೇ ವೇಗವಾಗಿ ಓಡುತ್ತಿತ್ತು. ಅದು ಪೆಟ್ಟಿಗೆಯಿಂದ ಹೊರಬರುವ ಮುಂಚೆಯೇ ಮುದಿಯಾಗಿತ್ತು, ಅಷ್ಟೆ. "ಇನ್ನು ಎರಡು ವಾರ" ಎಂಬ ಪ್ರತಿಯೊಂದು ಉತ್ತರಕ್ಕೂ ಆಟದ ಒಂದೊಂದು ಪಕ್ಷ ಉರುಳಿ, ಕವಡೆಗಳು ಹೆಚ್ಚುತ್ತಿದ್ದುವು.

ಇದರಲ್ಲಿ ಜೂಜಿನ ಅಂಶವೇ ಇಲ್ಲವೆಂದು ನಾವು ವಾದಿಸುವುದಿಲ್ಲ. ನಾಣ್ಯದ ಬೆಲೆ ಏರುವುದೂ ಇಳಿಯುವುದೂ ಯಾರ ಕೈಯಲ್ಲಿಯೂ ಇಲ್ಲ. ಆದರೆ ಹುಡುಗನ ಹಣ ಹೋದುದು ಕವಡೆ ಬಿದ್ದ ಬಗೆಯಿಂದಲ್ಲ. ಇನ್ನೂ ಇಲ್ಲದ ವಸ್ತುವಿಗೆ ಇದೆಯೆಂಬಂತೆ ದಿನ ಗೊತ್ತುಮಾಡಿ ಹಣ ಪಡೆದರು. ಕೆಲಸ ಎಲ್ಲಿ ನಿಂತಿದೆಯೆಂಬುದನ್ನು ಅವನಿಗೆ ಹೇಳಲಿಲ್ಲ. ಎರಕ ಕೆಟ್ಟುದಕ್ಕೆ ಶಿಲ್ಪಿಯನ್ನು ಶಿಕ್ಷಿಸಲಾಗದು. ಕೆಟ್ಟ ಮೇಲೆ ಬಟ್ಟೆ ಮುಚ್ಚಿ, ಇನ್ನೆರಡು ವಾರವೆಂದರೆ ಅದು ಬೇರೆ ಮಾತು. ಹುಡುಗನೂ ನಮ್ಮ ಮುಂದೆ ಅದೇ ಎರಡು ವಾರಗಳನ್ನು ಹೇಳಿದನು. ನಾವೂ ಬಡಗಿಯ ಮುಂದೆ, ಮನೆಯವರ ಮುಂದೆ ಅದನ್ನೇ ಮಾಡಿದೆವು. ಅಷ್ಟೂ ಜನರಲ್ಲಿ ಶಿಕ್ಷೆಯಾದುದು ಹುಡುಗನೊಬ್ಬನಿಗೆ.

ನಾವು ಅವನಿಗೆ ಕಾಗದ ಬರೆದೆವು. ಇಂತಹ ಮಾತು ಫೋನಿನಲ್ಲಿ ಬಾರದು. ಆ ವರ್ಷದ ದೀಪಾವಳಿಗೆ ಬಂದನು. ಮನೆಯವರು ಕಾಯಿಹೋಳಿಗೆ ಮಾಡಿದರು. ಆಗಸ್ಟ್ 2014ರ ವೇಳೆಗೆ ಸಂಪಾದನೆಯು ವಿದ್ಯುತ್ ಬಿಲ್ಲಿಗೆ ಸರಿಸಮನಾಯಿತೆಂದೂ, ಅಂದೇ ಯಂತ್ರವನ್ನು ಆರಿಸಿದನೆಂದೂ, ಅದುವರೆಗೆ ಒಟ್ಟು ಒಂಬತ್ತು ಸಾವಿರದಷ್ಟು ಬಂದಿತೆಂದೂ ಆಗ ಹೇಳಿದನು. "ತಡವಾಗುತ್ತಿದೆಯೆಂದು ನಮಗೆ ಮೊದಲೇ ಏಕೆ ಹೇಳಲಿಲ್ಲವೋ?" ಎಂದು ಕೇಳಿದೆವು. "ಹಂಚಿನ ಹಣ, ದೊಡ್ಡಪ್ಪ. ಹೇಗೆ ಹೇಳಲಿ?" ಎಂದನು.

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಆಡಿದ ಮಾತು ನಮ್ಮ ಕಾಗದದಷ್ಟು ದೂರ ಮಾತ್ರ ಹೋಗಿರಲಿಲ್ಲ. ಅವನಿಗೆ ಹೆಣ್ಣು ನೋಡಲು ಹೊರಟಾಗ ಎರಡು ಕಡೆ ಸಂಬಂಧ ಕೂಡಿಬಂದು ತಪ್ಪಿತು. ಎರಡನೆಯವರು ದಾಕ್ಷಿಣ್ಯ ಬಿಟ್ಟು, "ಹುಡುಗನಿಗೆ ಜೂಜಿನ ಚಟವಿತ್ತಂತಲ್ಲ, ಅವರ ದೊಡ್ಡಪ್ಪನವರೇ ಹೇಳಿದರಂತೆ" ಎಂದರು. ನಾವು ಹೋಗಿ ಬಿಡಿಸಿ ಹೇಳಿದೆವು. ಅವರು ನಯವಾಗಿ ಕೇಳಿದರು, ನಂಬಲಿಲ್ಲ. ಆ ವೈದಿಕದ ಊಟಕ್ಕೆ ಬಂದಿದ್ದವರಲ್ಲಿ ಅನೇಕರು ಈ ಪತ್ರಿಕೆಯನ್ನು ಓದುವವರು. ಅವರಿಗಾಗಿ ಬರೆದಿದ್ದೇವೆ: ನಮ್ಮ ತಮ್ಮನ ಮಗನು ಜೂಜುಕೋರನಲ್ಲ. ಒಂದು ತಾರೀಖನ್ನು ನಂಬಿದವನು. ಅವನ ಜೊತೆಗೆ ನಾವೂ ನಂಬಿದ್ದೆವು. ಹಣ ಕೊಡಲು ಒಪ್ಪಿದ ಹಿರಿಯರು ನಾವು. ತಪ್ಪಿನಲ್ಲಿ ದೊಡ್ಡ ಪಾಲು ನಮ್ಮದು.

ಇಂತಹ ಆಸೆ ನಿಮ್ಮ ಮನೆಗೆ ಬಂದರೆ ಬೇಡವೆನ್ನುವುದಕ್ಕೂ ಹೂಂ ಎನ್ನುವುದಕ್ಕೂ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ. ವಸ್ತು ಹುಟ್ಟಿದೆಯೇ, ಇಲ್ಲವೇ ಹುಟ್ಟಲಿದೆಯೇ? ತಡವಾದರೆ ಹಣ ಹಿಂದಕ್ಕೆ ಬರುತ್ತದೆಯೇ? ಲಾಭದ ಲೆಕ್ಕವು ಇಂದಿನ ದಿನದ್ದೇ, ವಸ್ತು ಕೈಸೇರುವ ದಿನದ್ದೇ? ನಾವು ಒಂದನ್ನೂ ಕೇಳಲಿಲ್ಲ.

ಕಳೆದ ಬಾರಿ ಬಂದಾಗ ಹುಡುಗನು ಆ ಯಂತ್ರವನ್ನು ಊರಿಗೆ ತಂದಿದ್ದನು. ಜಗಲಿಯ ಮೇಲೆ ಕುಳಿತು ತಿರುಪುಗಳನ್ನು ಬಿಚ್ಚಿ, ಫ್ಯಾನು ಕಳಚಿ, ಒಳಗಿನ ಹಲಗೆಯಿಂದ ಒಂದು ಚಿಪ್‌ನ್ನು ಕಿತ್ತು ನಮ್ಮ ಅಂಗೈ ಮೇಲೆ ಇಟ್ಟನು. ಹೆಬ್ಬೆರಳ ಉಗುರಿನಷ್ಟು ಕರಿಯ ಚೌಕ. ಇದ್ದೂ ಇಲ್ಲದಷ್ಟು ತೂಕ.

"ಇಷ್ಟೇ ಏನೋ?" ಎಂದೆವು.

"ಇಷ್ಟೇ, ದೊಡ್ಡಪ್ಪ."

ಮಳೆ ಬರುತ್ತಿತ್ತು. ಇಬ್ಬರೂ ಒಟ್ಟಿಗೆ ತಲೆಯೆತ್ತಿ ಹಂಚನ್ನು ನೋಡಿದೆವು. ಸೋರುತ್ತಿರಲಿಲ್ಲ.